ಹಳೇ ಜೀಪಿಗೆ ಹೊಸ ಎಂಜಿನ್: ಲೆಕ್ಕ ಹಾಕಿ ನೋಡಿದಾಗ



ವಾಣಿಜ್ಯ ವಿಭಾಗದ ಹುಡುಗ ಎಂಜಿನ್ ಬಗ್ಗೆ ಬರೆಯುವುದೇನು ಎಂದು ನಮ್ಮ ವಿಜ್ಞಾನ ವಿಭಾಗದ ಗೆಳೆಯರು ನಗಬಹುದು. ಆದರೆ ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಚರ್ಚೆಯಿಂದ ನಾನು ಈ ವಿಷಯವನ್ನು ಕಲಿಯಲೇಬೇಕಾಯಿತು. ಎಂಜಿನ್ ವಿಷಯ ಎಂದುಕೊಂಡು ಶುರು ಮಾಡಿದ್ದು ಕೊನೆಗೆ ಲೆಕ್ಕಶಾಸ್ತ್ರದ ಪಾಠವೇ ಆಯಿತು. ಹಳೆಯ ಜೀಪಿರುವ ಮನೆಯವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮೂರು ಜಗಳೂರು ತಾಲ್ಲೂಕಿನ ಸೊಕ್ಕೆ. ಮಳೆ ಕಡಿಮೆ ಬೀಳುವ ಊರು. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯುತ್ತೇವೆ. ನಮ್ಮ ದಾದಾ 1994ರಲ್ಲಿ ಕೊಂಡ ಮಹೀಂದ್ರ ಎಂಎಂ 540 ಜೀಪು ಇವತ್ತಿಗೂ ಮನೆ ಮುಂದೆ ನಿಂತಿದೆ. ಅದರ ನಂಬರ್ ಪ್ಲೇಟಿನ ಮೇಲೆ ಕೆಎ 16 ಎಂದಿದೆ. ಈಗಿನ ಹುಡುಗರು ಇದು ಚಿತ್ರದುರ್ಗದ ಗಾಡಿಯಾ ಎಂದು ಕೇಳುತ್ತಾರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಅದಕ್ಕೇ ಆ ನಂಬರು. ಈ ಜೀಪು ಹೊಲಕ್ಕೆ ಗೊಬ್ಬರ ಒಯ್ದಿದೆ, ಈರುಳ್ಳಿ ಚೀಲ ತಂದಿದೆ. ರಾತ್ರಿ ಹೊತ್ತು ಓಣಿಯ ಎಷ್ಟೋ ಜನರನ್ನು ಜಗಳೂರಿನ ಆಸ್ಪತ್ರೆಗೆ ಸೇರಿಸಿದೆ. ಮಳೆ ಬಂದು ಎರೆ ಹೊಲದ ದಾರಿ ಅಂಟಿನಂತಾದಾಗ ಬೇರೆ ಗಾಡಿಗಳು ನಿಲ್ಲುತ್ತವೆ, ಇದು ಹೋಗುತ್ತದೆ.

ಆದರೆ ಈಗ ಎಂಜಿನ್ ಸೋತಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು, ಬಿಳಿ ಹೊಗೆ ಬಿಡುತ್ತಿತ್ತು, ಆಯಿಲ್ ಕುಡಿಯುತ್ತಿತ್ತು. ದಾವಣಗೆರೆಯಲ್ಲಿರುವ ಚಾಚಾ ಒಂದು ದಿನ ಬಂದು ಅಬ್ಬಾಗೆ ಹೇಳಿದರು: "ಈ ಎಂಜಿನ್ ಬಿಚ್ಚಿ ಬಿಸಾಕು. ಸ್ಕಾರ್ಪಿಯೋದ ಎಂಹಾಕ್ ಎಂಜಿನ್ ಸೆಕೆಂಡ್ ಹ್ಯಾಂಡ್ ಸಿಗುತ್ತೆ. ಕೂರಿಸಿದರೆ ಜೀಪು ಹುಲಿಯಾಗುತ್ತೆ." ಅಬ್ಬಾ ನನ್ನ ಕಡೆ ನೋಡಿ, "ನೀನು ಕಾಮರ್ಸ್ ಓದುತ್ತೀಯಲ್ಲ, ಲೆಕ್ಕ ಮಾಡಿ ಹೇಳು" ಎಂದರು. ಈರುಳ್ಳಿಯಿಂದ ಬಂದ ಹಣ ಮನೆಯಲ್ಲಿತ್ತು. ಅದೇ ಹಣದಿಂದ ಅಕ್ಕನ ಬಿ.ಎಡ್. ಫೀಸು ಕಟ್ಟಬೇಕೆಂಬ ಮಾತೂ ಇತ್ತು. ಹಾಗಾಗಿ ಈ ಲೆಕ್ಕ ತಪ್ಪುವಂತಿರಲಿಲ್ಲ.

ಜೀಪು ಬಂದ ದಾರಿ

ಮೊದಲು ಸ್ವಲ್ಪ ಇತಿಹಾಸ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ, ಅಮೆರಿಕದ ವಿಲ್ಲೀಸ್ ಕಂಪನಿ ಸೈನ್ಯಕ್ಕಾಗಿ ವಿಲ್ಲೀಸ್ ಎಂಬಿ ಎಂಬ ಚಿಕ್ಕ ಗಾಡಿ ಮಾಡಿತು. ಅದರಲ್ಲಿ 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಇತ್ತು. ನಮ್ಮ ದೇಶದಲ್ಲಿ 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಕಂಪನಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿತು. ಪಾಲುದಾರರಲ್ಲಿ ಮಹೀಂದ್ರ ಸಹೋದರರ ಜೊತೆ ಮಲಿಕ್ ಗುಲಾಂ ಮೊಹಮ್ಮದ್ ಎಂಬವರಿದ್ದರು. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಹೆಸರಿನಲ್ಲಿ ಎರಡು 'ಎಂ' ಮಾತ್ರ ಹಾಗೇ ಉಳಿದವು. ಇದೇ ಕಂಪನಿ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಿ ಮಾರಲು ಶುರು ಮಾಡಿತು.

ಇಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ಸಂಗತಿ ಇದೆ. 1953ರ ಹೊತ್ತಿಗೆ ವಿಲ್ಲೀಸ್ ಕಂಪನಿ ತನ್ನ ಜೀಪಿಗೆ ಹರಿಕೇನ್ ಎಂಬ ಇನ್ನೊಂದು ಎಂಜಿನ್ ಹಾಕಿತು. ಅದರ ಅಳತೆ ಹಿಂದಿನದರಷ್ಟೇ, ಸುಮಾರು 2200 ಸಿಸಿ. ಆದರೆ ವಾಲ್ವ್ ಜೋಡಣೆ ಬೇರೆಯಾಗಿದ್ದರಿಂದ ಎಂಜಿನ್ ಎತ್ತರವಾಗಿತ್ತು, ಹಳೆಯ ಬಾನೆಟ್ ಮುಚ್ಚುತ್ತಿರಲಿಲ್ಲ. ಕಂಪನಿಯವರು ಬಾನೆಟ್ಟನ್ನೇ ಮೇಲಕ್ಕೆ ಎತ್ತಿ ಹೊಸ ಮಾದರಿ ಮಾಡಿದರು. ಅದೇ ಸಿಜೆ 3ಬಿ. ನಮ್ಮ ದೇಶದ ಹಳೆಯ ಜೀಪುಗಳ ಮೂತಿ ಎತ್ತರವಾಗಿ ಕಾಣುವುದಕ್ಕೆ ಕಾರಣ ಇದೇ. ಅಂದರೆ ಎಂಜಿನ್ ಬದಲಿಸಿದರೆ ಉಳಿದದ್ದೂ ಬದಲಾಗಬೇಕು ಎಂಬ ಪಾಠವನ್ನು ಗಾಡಿ ಮಾಡಿದ ಕಂಪನಿಯೇ ಎಪ್ಪತ್ತು ವರ್ಷದ ಹಿಂದೆ ಕಲಿತಿತ್ತು.

ಆಮೇಲೆ ಪೆಟ್ರೋಲ್ ದುಬಾರಿಯಾಯಿತು. 1973ರ ತೈಲ ಬಿಕ್ಕಟ್ಟು ನಮಗೆ ಅರ್ಥಶಾಸ್ತ್ರದಲ್ಲೂ ಬರುತ್ತದೆ. ನಮ್ಮಲ್ಲಿ ಡೀಸೆಲ್ ಬೆಲೆ ಬಹಳ ಕಾಲ ಸರ್ಕಾರದ ಹಿಡಿತದಲ್ಲಿದ್ದು ಕಡಿಮೆಯೇ ಇತ್ತು. 2014ರ ಅಕ್ಟೋಬರಿನಲ್ಲಿ ಆ ಹಿಡಿತ ಹೋಯಿತು. ಹೀಗಾಗಿ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಗ್ಯಾರೇಜುಗಳಿಗೆ ಹೊಸ ಕೆಲಸವೇನೂ ಅಲ್ಲ. ಕಂಪನಿಯೂ ಫ್ರಾನ್ಸಿನ ಪ್ಯೂಜೋ ಕಂಪನಿಯ ಎಂಜಿನ್ನನ್ನು ಪರವಾನಗಿ ಪಡೆದು ಜೀಪಿಗೆ ಹಾಕಿತು. ನಮ್ಮ ದಾದಾನ ಜೀಪಿನಲ್ಲಿರುವುದು ಅದೇ ಎಕ್ಸ್‌ಡಿಪಿ 4.90.

ಈಗ ಈ ಕೆಲಸ ಮಾಡಿಸುವವರು ಎರಡು ಬಗೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಹಳೆಯ ಜೀಪು ಇಂದಿಗೂ ದುಡಿಯುತ್ತದೆ. ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ, ಕಳಸದ ಕಡೆಯಿಂದ ಕುದುರೆಮುಖ ಚಾರಣದ ಮುಳ್ಳೋಡಿಗೆ ಹೋಗುವ ಕಲ್ಲುದಾರಿಯಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವುದೂ ಜೀಪುಗಳೇ. ಇವರಿಗೆ ಏರು ಹತ್ತುವ ಬಲ ಬೇಕು. ಎರಡನೆಯವರು ಕೆಸರು, ಕಲ್ಲು, ಹಳ್ಳಗಳಲ್ಲಿ ಗಾಡಿ ಓಡಿಸುವ ಹವ್ಯಾಸದವರು. ಇವರಿಗೆ ಹಳೆಯ ಜೀಪಿನ ರೂಪವೂ ಬೇಕು, ಹೊಸ ಗಾಡಿಯ ಶಕ್ತಿಯೂ ಬೇಕು.

ಒಂದೇ ಅಳತೆ, ಎರಡು ಪಟ್ಟು ಬಲ

ಎಕ್ಸ್‌ಡಿಪಿ 4.90 ಎಂಬ ಹೆಸರಿನಲ್ಲೇ ಲೆಕ್ಕವಿದೆ. 4 ಅಂದರೆ ನಾಲ್ಕು ಸಿಲಿಂಡರ್, 90 ಅಂದರೆ ಸಿಲಿಂಡರಿನ ವ್ಯಾಸ 90 ಮಿಲಿಮೀಟರ್. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 83 ಮಿಲಿಮೀಟರ್. ಸೆಂಟಿಮೀಟರಿಗೆ ತಂದುಕೊಂಡು ಹೈಸ್ಕೂಲಿನ ಸಿಲಿಂಡರ್ ಸೂತ್ರ ಹಾಕಿ: 3.1416 × 4.5 × 4.5 × 8.3 × 4 = 2112. ನಮ್ಮ ಆರ್‌ಸಿ ಪುಸ್ತಕದಲ್ಲಿ ಬರೆದಿರುವ ಸಿಸಿ ಕೂಡ 2112. ಇದನ್ನು ನಾನೇ ಕೂತು ಮಾಡಿ, ತಾಳೆಯಾದಾಗ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿಯಾದಷ್ಟೇ ಖುಷಿಪಟ್ಟೆ.

ಎಂಹಾಕ್ ಎಂಜಿನ್ನಿನಲ್ಲಿ ವ್ಯಾಸ 85, ಓಟ 96 ಮಿಲಿಮೀಟರ್. ಅದೇ ಸೂತ್ರ ಹಾಕಿದರೆ 2179 ಸಿಸಿ. ವ್ಯತ್ಯಾಸ ಬರೀ 67 ಸಿಸಿ. ಆದರೆ ಹಳೆಯದು ಕೊಡುವುದು ಸುಮಾರು 62 ಅಶ್ವಶಕ್ತಿ, ಸ್ಕಾರ್ಪಿಯೋದ ಎಂಹಾಕ್ ಕೊಡುವುದು 120. ತಿರುಗಿಸುವ ಬಲ, ಅಂದರೆ ಟಾರ್ಕ್, ಹಳೆಯದರಲ್ಲಿ ಸುಮಾರು 120 ನ್ಯೂಟನ್ ಮೀಟರ್, ಹೊಸದರಲ್ಲಿ 290. ಅಳತೆ ಒಂದೇ ಇದ್ದರೂ ಬಲ ಎರಡು ಪಟ್ಟಿಗಿಂತ ಹೆಚ್ಚು. ಇದು ಹೇಗೆ?

ಮೂರು ಕಾರಣ. ಮೊದಲನೆಯದು ಟರ್ಬೊ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯ ವೇಗದಿಂದಲೇ ಒಂದು ಚಕ್ರ ತಿರುಗಿ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚು ಹೋದರೆ ಡೀಸೆಲ್ ಹೆಚ್ಚು ಸುಡಬಹುದು. ಹಳೆಯ ಎಂಜಿನ್ ತಾನೇ ಎಳೆದುಕೊಂಡಷ್ಟು ಗಾಳಿಯಲ್ಲಿ ಬದುಕುತ್ತದೆ.

ಎರಡನೆಯದು ಡೀಸೆಲ್ ಸಿಂಪಡಿಸುವ ಜಾಗ. ಹಳೆಯದರಲ್ಲಿ ಪಕ್ಕದ ಒಂದು ಚಿಕ್ಕ ಕೋಣೆಯಲ್ಲಿ ಡೀಸೆಲ್ ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ಬರುತ್ತದೆ. ಆ ಕೋಣೆಯ ಗೋಡೆಗೆ ಸಾಕಷ್ಟು ಶಾಖ ನಷ್ಟವಾಗುತ್ತದೆ. ಅದಕ್ಕೇ ಬೆಳಿಗ್ಗೆ ಹೀಟರ್ ಒತ್ತಿ ಕಾಯಬೇಕು. ಹೊಸದರಲ್ಲಿ ನೇರ ಪಿಸ್ಟನ್ ಮೇಲೆಯೇ ಸಿಂಪಡಿಸುತ್ತಾರೆ.

ಮೂರನೆಯದು ಕಾಮನ್ ರೈಲ್. ಹಳೆಯದರಲ್ಲಿ ಪಂಪು ಒಂದೊಂದೇ ಇಂಜೆಕ್ಟರಿಗೆ ನೂರು ಚಿಲ್ಲರೆ ಬಾರ್ ಒತ್ತಡದಲ್ಲಿ ಡೀಸೆಲ್ ಕಳಿಸುತ್ತದೆ. ಹೊಸದರಲ್ಲಿ ಒಂದು ಗಟ್ಟಿ ಕೊಳವೆಯಲ್ಲಿ 1600 ಬಾರ್ ಮಟ್ಟದ ಒತ್ತಡ ಸದಾ ತಯಾರಿರುತ್ತದೆ. ಕಾರಿನ ಟಯರಿನಲ್ಲಿರುವುದು ಸುಮಾರು 2 ಬಾರ್ ಎಂದು ನೆನಪಿಟ್ಟುಕೊಂಡರೆ ಇದು ಎಷ್ಟೆಂದು ಗೊತ್ತಾಗುತ್ತದೆ. ಯಾವಾಗ, ಎಷ್ಟು ಸಿಂಪಡಿಸಬೇಕು ಎಂದು ಇಸಿಯು ಎಂಬ ಚಿಕ್ಕ ಕಂಪ್ಯೂಟರ್ ತೀರ್ಮಾನಿಸುತ್ತದೆ. ಡೀಸೆಲ್ ಮಂಜಿನಂತೆ ನುಣ್ಣಗೆ ಆಗುವುದರಿಂದ ಪೂರ್ತಿ ಸುಡುತ್ತದೆ, ಹೊಗೆ ಕಡಿಮೆ, ಮೈಲೇಜ್ ಹೆಚ್ಚು.

ಇಲ್ಲಿಯವರೆಗೆ ಚಾಚಾನ ಮಾತೇ ಸರಿ.

ಕೂರಿಸುವುದು ಎಂದರೆ ಏನೇನು

ನಾನು ಜಗಳೂರಿನ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಎರಡು ದಿನ ಕೂತು ಕೇಳಿದೆ. ಅವರು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಜಾಗ. ಹೊಸ ಎಂಜಿನ್ ಎದುರಿನ ಆಕ್ಸೆಲ್ ಮೇಲೆ ಬರುತ್ತದೆ. ಜೀಪು ಗುಂಡಿಗೆ ಬಿದ್ದಾಗ ಆಕ್ಸೆಲ್ ಮೇಲೆ ಬರುತ್ತದೆ, ಆಗ ಎಂಜಿನ್ನಿನ ಕೆಳಗಿರುವ ಆಯಿಲ್ ತೊಟ್ಟಿಗೆ ತಾಗಬಾರದು. ತಾಗುವುದಾದರೆ ತೊಟ್ಟಿಯ ಆಕಾರ ಬದಲಿಸಬೇಕು ಅಥವಾ ಎಂಜಿನ್ನನ್ನು ಹಿಂದಕ್ಕೆ, ಮೇಲಕ್ಕೆ ಸರಿಸಬೇಕು. ಚಾಸಿಗೆ ಹೊಸ ಮೌಂಟಿಂಗ್ ವೆಲ್ಡ್ ಮಾಡಬೇಕು. ಆ ವೆಲ್ಡಿಂಗ್ ಕೆಟ್ಟದಾದರೆ ಎಂಜಿನ್ ಕುಲುಕಾಟಕ್ಕೆ ಚಾಸಿ ಬಿರಿಯುತ್ತದೆ.

ಎರಡನೆಯದು ಗೇರ್ ಬಾಕ್ಸ್. ಹಳೆಯ ಗೇರ್ ಬಾಕ್ಸಿಗೂ ಹೊಸ ಎಂಜಿನ್ನಿಗೂ ಬೋಲ್ಟ್ ರಂಧ್ರಗಳು ಕೂಡುವುದಿಲ್ಲ. ನಡುವೆ ಒಂದು ತಟ್ಟೆ ಮಾಡಿಸಬೇಕು. ಆ ತಟ್ಟೆ ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ಚು ಮತ್ತು ಬೇರಿಂಗ್ ಹಾಳು. ಇಲ್ಲವಾದರೆ ಎಂಜಿನ್ ಜೊತೆಗೇ ಅದರ ಗೇರ್ ಬಾಕ್ಸ್ ಕೊಳ್ಳಬೇಕು. ಆಗ ಉದ್ದ ಬದಲಾಗುತ್ತದೆ, ಹಿಂದೆ ಮುಂದೆ ಎರಡೂ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡಿಸಬೇಕು.

ಮೂರನೆಯದು ಬಲ ತಡೆಯುವ ಶಕ್ತಿ. ಇದು ನನಗೆ ಅತಿ ಮುಖ್ಯ ಎನಿಸಿತು. ಹಳೆಯ ವಿಲ್ಲೀಸ್ ಮಾದರಿಯ ಸಂಖ್ಯೆಗಳನ್ನೇ ತೆಗೆದುಕೊಳ್ಳೋಣ. ಮೊದಲ ಗೇರ್ ಬಲವನ್ನು 2.8 ಪಟ್ಟು ಮಾಡುತ್ತದೆ, ಫೋರ್ ವೀಲ್ ಲೋ ಗೇರ್ 2.46 ಪಟ್ಟು, ಆಕ್ಸೆಲ್ ಒಳಗಿನ ಗೇರ್ 5.38 ಪಟ್ಟು. ಮೂರನ್ನೂ ಗುಣಿಸಿದರೆ 37. ಎಂಜಿನ್ 120 ಕೊಟ್ಟರೆ ಚಕ್ರಗಳಿಗೆ ಒಟ್ಟು 4,440 ನ್ಯೂಟನ್ ಮೀಟರ್ ಹೋಗುತ್ತದೆ. 290 ಕೊಟ್ಟರೆ 10,730. ಘರ್ಷಣೆಯ ನಷ್ಟ ಬಿಟ್ಟು ಹೇಳುತ್ತಿದ್ದೇನೆ. ಆಕ್ಸೆಲ್ ಶಾಫ್ಟು, ಕ್ರಾಸು, ಗೇರಿನ ಹಲ್ಲು ಇವೆಲ್ಲ ಮೊದಲಿನ ಲೆಕ್ಕಕ್ಕೆ ಮಾಡಿದವು. ಕೆಸರಿನಲ್ಲಾದರೆ ಚಕ್ರ ಜಾರಿ ತಿರುಗುತ್ತದೆ, ಬಲ ಹೊರಗೆ ಹೋಗುತ್ತದೆ, ಏನೂ ಮುರಿಯುವುದಿಲ್ಲ. ಒಣ ಕಲ್ಲಿನ ಮೇಲೆ ಟಯರ್ ಗಟ್ಟಿಯಾಗಿ ಹಿಡಿದುಕೊಂಡಾಗ ಬಲಕ್ಕೆ ಹೋಗಲು ಜಾಗವಿಲ್ಲ. ಆಗ ಶಾಫ್ಟ್ ಮುರಿಯುತ್ತದೆ. ಮೇಸ್ತ್ರಿಯ ಮಾತು ಇದು: "ಎಂಜಿನ್ ಗಟ್ಟಿ ಮಾಡಿದಷ್ಟೂ ಅದರ ಹಿಂದಿನ ತುಂಡು ಬಡವಾಗುತ್ತಾ ಹೋಗುತ್ತೆ."

ನಾಲ್ಕನೆಯದು ವೇಗ. ಶಕ್ತಿ ಎರಡು ಪಟ್ಟಾದರೆ ಜೀಪು ಎರಡು ಪಟ್ಟು ಓಡುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಹಳೆಯ 16 ಇಂಚಿನ ಸಣ್ಣ ಟಯರಿನ ಸುತ್ತಳತೆ ಸುಮಾರು 2.26 ಮೀಟರ್. ಗಂಟೆಗೆ 80 ಕಿಲೋಮೀಟರ್ ಅಂದರೆ ನಿಮಿಷಕ್ಕೆ 1,333 ಮೀಟರ್, ಅಂದರೆ ಚಕ್ರ ನಿಮಿಷಕ್ಕೆ 590 ಸುತ್ತು. ಅದನ್ನು 5.38ರಿಂದ ಗುಣಿಸಿದರೆ ಟಾಪ್ ಗೇರಿನಲ್ಲಿ ಎಂಜಿನ್ ಸುಮಾರು 3,170 ಸುತ್ತು ತಿರುಗಬೇಕು. ಎಂಜಿನ್ ಹೊಸದಾದರೂ ಹಳೆಯದಾದರೂ ಈ ಲೆಕ್ಕ ಒಂದೇ. ಆಕ್ಸೆಲ್ ಗೇರ್ ಬದಲಿಸದೆ ಅಥವಾ ಐದನೇ ಗೇರಿರುವ ಗೇರ್ ಬಾಕ್ಸ್ ಹಾಕದೆ ಆರಾಮಾಗಿ ಓಡಿಸಲು ಆಗದು, ಮೈಲೇಜೂ ಸಿಗದು.

ಐದನೆಯದು ಬ್ರೇಕು. ಓಡುವ ಗಾಡಿಯಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರ ಬದಲು 90ರಲ್ಲಿ ಓಡಿದರೆ ವೇಗ ಒಂದೂವರೆ ಪಟ್ಟು, ಆದರೆ ಬ್ರೇಕು ತಿನ್ನಬೇಕಾದ ಶಕ್ತಿ 2.25 ಪಟ್ಟು. ನಾಲ್ಕು ಡ್ರಮ್ಮಿನ ಹಳೆಯ ಬ್ರೇಕಿನ ಮೇಲೆ 120 ಅಶ್ವಶಕ್ತಿ ಇಡುವುದು ಅಪಾಯ. ಮುಂದೆ ಡಿಸ್ಕ್ ಹಾಕಬೇಕು, ಬೂಸ್ಟರ್ ಹಾಕಬೇಕು, ಬೂಸ್ಟರಿಗೆ ವ್ಯಾಕ್ಯೂಮ್ ಪಂಪ್ ಸಂಪರ್ಕ ಕೊಡಬೇಕು.

ಆರನೆಯದು ತಂಪು. ಹೆಚ್ಚು ಡೀಸೆಲ್ ಸುಟ್ಟರೆ ಹೆಚ್ಚು ಶಾಖ. ದೊಡ್ಡ ರೇಡಿಯೇಟರ್, ಟರ್ಬೊ ಗಾಳಿ ತಂಪಾಗಿಸುವ ಇಂಟರ್‌ಕೂಲರ್ ಎರಡಕ್ಕೂ ಎದುರಿನ ಜಾಲರಿಯ ಹಿಂದೆ ಜಾಗ ಮಾಡಬೇಕು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ಏಳನೆಯದು ವೈರಿಂಗ್. ಹಳೆಯ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಬ್ಯಾಟರಿ ತೆಗೆದರೂ ಓಡಬಲ್ಲದು. ಎಂಹಾಕ್‌ಗೆ ಇಸಿಯು ಬೇಕು, ಸೆನ್ಸಾರುಗಳು ಬೇಕು, ಎಲೆಕ್ಟ್ರಾನಿಕ್ ಆಕ್ಸಿಲರೇಟರ್ ಪೆಡಲ್ ಬೇಕು, ಕೀಲಿಯ ಚಿಪ್ಪನ್ನು ಗುರುತಿಸುವ ವ್ಯವಸ್ಥೆಯೂ ಇದ್ದರೆ ಅದರ ಜೊತೆಗಾರ ಭಾಗಗಳೂ ಬೇಕು. ಒಂದೇ ಗಾಡಿಯಿಂದ ಇವೆಲ್ಲ ಒಟ್ಟಿಗೆ ಬಂದಿದ್ದರೆ ಕೆಲಸ ಸುಲಭ. ಎಂಜಿನ್ ಒಂದು ಕಡೆ, ಇಸಿಯು ಇನ್ನೊಂದು ಕಡೆ ಕೊಂಡರೆ ತಿಂಗಳುಗಟ್ಟಲೆ ಗಾಡಿ ಗ್ಯಾರೇಜಿನಲ್ಲೇ ನಿಲ್ಲುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್ 6 ಎಂಜಿನ್ನುಗಳಲ್ಲಿ ಹೊಗೆ ಶುದ್ಧ ಮಾಡುವ ಫಿಲ್ಟರ್ ಮತ್ತು ಅದರ ಸೆನ್ಸಾರುಗಳೂ ಸೇರಿಕೊಂಡಿವೆ. ಹಾಗಾಗಿ ಈ ಕೆಲಸದವರು ಅದಕ್ಕಿಂತ ಹಿಂದಿನ ಎಂಜಿನ್ನನ್ನೇ ಹುಡುಕುತ್ತಾರೆ.

ಇನ್ನೊಂದು ಎಚ್ಚರಿಕೆ. ಹಳೆಯ ಎಂಜಿನ್ನಿನಲ್ಲಿ ಗಾಳಿ ಹೊಕ್ಕರೆ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಗಾಳಿ ತೆಗೆಯುವುದನ್ನು ನಾವೆಲ್ಲ ನೋಡಿದ್ದೇವೆ. ಕಾಮನ್ ರೈಲಿನಲ್ಲಿ ಎಂಜಿನ್ ಓಡುವಾಗ ಹಾಗೆ ಮಾಡಲೇಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನೇ ಸೀಳಿ ಒಳಗೆ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ

ಗ್ಯಾರೇಜಿನಲ್ಲಿ ಯಾರೂ ಈ ವಿಷಯ ಎತ್ತಲಿಲ್ಲ. ನಾನು ಕೇಳಿದಾಗ, "ಅದೆಲ್ಲ ಯಾರು ನೋಡ್ತಾರೆ" ಎಂದರು. ಆದರೆ ನೋಡುತ್ತಾರೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ಮತ್ತು ಆರ್‌ಸಿಯಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಬದಲಿಸುವಂತಿಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಒಪ್ಪಿಗೆ ಪಡೆದ ಕಿಟ್ ಹಾಕಿಸಲು, ಅಂಗವಿಕಲರಿಗೆ ಹೊಂದುವಂತೆ ಗಾಡಿ ಮಾರ್ಪಡಿಸಲು ದಾರಿ ಇದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಈ ಕಲಮಿನ ಅರ್ಥವನ್ನು ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಸೇರಿತು. ಅದರಂತೆ ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಅಂದರೆ 2112 ಸಿಸಿ ಇದ್ದಲ್ಲಿ 2179 ಸಿಸಿಯ ಬೇರೆ ಎಂಜಿನ್ ಇಟ್ಟು, ಆರ್‌ಸಿ ಹಾಗೇ ಬಿಟ್ಟು ರಸ್ತೆಗೆ ಬಂದರೆ ತಪ್ಪು. ಎಂಜಿನ್ ಬದಲಿಸುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಬೇಕು. ಒಪ್ಪಿಗೆ ಸಿಕ್ಕರೆ ಬದಲಿಸಿದ ಮೇಲೆ 14 ದಿನದೊಳಗೆ ತಿಳಿಸಿ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಬೇಕು. ಸಿಕ್ಕದಿದ್ದರೆ ಆ ಕೆಲಸ ರಸ್ತೆಯ ಗಾಡಿಗಲ್ಲ.

ನಮ್ಮಂಥ ಹಳೆಯ ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಆಗ ಇನ್ಸ್‌ಪೆಕ್ಟರು ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ವಿಮೆಯ ಮಾತು ಇನ್ನೂ ಗಂಭೀರ. ನಾವು ಪಾಲಿಸಿಯಲ್ಲಿ ಒಂದು ಗಾಡಿ ತೋರಿಸಿ ರಸ್ತೆಯಲ್ಲಿ ಇನ್ನೊಂದು ಓಡಿಸಿದಂತೆ. ಬ್ಯುಸಿನೆಸ್ ಸ್ಟಡೀಸ್‌ನಲ್ಲಿ ವಿಮೆಯ ತತ್ವಗಳಲ್ಲಿ ಮೊದಲನೆಯದು ಪರಮ ಸದ್ವಿಶ್ವಾಸ ಎಂದು ಓದುತ್ತೇವೆ. ಮುಖ್ಯ ಸಂಗತಿ ಮುಚ್ಚಿಟ್ಟರೆ ಪರಿಹಾರದ ಹಕ್ಕು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡಿದ್ದೆ. ರಾತ್ರಿ ಎರಡು ಗಂಟೆಗೆ ಪಕ್ಕದ ಮನೆಯ ಗರ್ಭಿಣಿಯನ್ನು ಹಿಂದೆ ಮಲಗಿಸಿಕೊಂಡು ಹೋಗುವ ಜೀಪು ಇದು. ಏನಾದರೂ ಆದರೆ ಆ ಮನೆಯವರಿಗೆ ನಾವೇನು ಉತ್ತರ ಕೊಡುವುದು?

ಕೊನೆಗೆ ಕಾಗದ. ಒಂದು ಕಡೆ ಅಬ್ಬಾ ಮತ್ತು ಚಾಚಾ ಎಂಜಿನ್ ನೋಡಿ ಬಂದರು. ಎಂಜಿನ್ ಚೆನ್ನಾಗಿತ್ತು, ಬೆಲೆಯೂ ಕಡಿಮೆ. ಬಿಲ್ ಕೇಳಿದರೆ ಇಲ್ಲ, ಯಾವ ಗಾಡಿಯಿಂದ ಬಂತು ಎಂದರೆ ಉತ್ತರವಿಲ್ಲ. ನಂಬರ್ ಇರುವ ಜಾಗದಲ್ಲಿ ಉಜ್ಜಿದ ಗುರುತು. ಅಬ್ಬಾ ಮುಂಗಡ ಕೊಡದೆ ವಾಪಸ್ ಬಂದರು. ಕಳವಾದ ಗಾಡಿಯದ್ದಾಗಿದ್ದರೆ ಎಂಜಿನ್ ಹೋಗುತ್ತದೆ, ಹಣ ಹೋಗುತ್ತದೆ, ಮಾನವೂ ಹೋಗುತ್ತದೆ.

ಲೆಕ್ಕದ ಪುಸ್ತಕ

ಈಗ ನನ್ನ ಭಾಗ. ನಮಗೆ ಹೇಳಿದ ದರಗಳನ್ನೇ ಬರೆದಿದ್ದೇನೆ. ನಿಮ್ಮ ಊರಿನಲ್ಲಿ ಬೇರೆ ಇರಬಹುದು.

ಬಿಲ್ ಇರುವ ಎಂಜಿನ್ ಮತ್ತು ಗೇರ್ ಬಾಕ್ಸ್: 1,40,000
ಇಸಿಯು, ವೈರಿಂಗ್, ಪೆಡಲ್: 35,000
ಮೌಂಟಿಂಗ್, ವೆಲ್ಡಿಂಗ್, ಶಾಫ್ಟ್: 30,000
ಬ್ರೇಕು: 22,000
ರೇಡಿಯೇಟರ್, ಇಂಟರ್‌ಕೂಲರ್: 18,000
ಚಿಲ್ಲರೆ ಖರ್ಚು: 15,000
ಒಟ್ಟು: 2,60,000 ರೂಪಾಯಿ

ಚಾಚಾ ಮೊದಲ ದಿನ ಹೇಳಿದ್ದು ಮೊದಲ ಸಾಲು ಮಾತ್ರ. ಯಾವುದೇ ಯೋಜನೆಯಲ್ಲಿ ಮೋಸ ಹೋಗುವುದು ಇಲ್ಲೇ ಎಂದು ನನಗನಿಸುತ್ತದೆ. ಯಾರೂ ಸುಳ್ಳು ಹೇಳುವುದಿಲ್ಲ, ಒಂದೇ ಸಾಲು ಹೇಳುತ್ತಾರೆ.

ಇನ್ನೊಂದು ದಾರಿ ಹಳೆಯ ಎಂಜಿನ್ನನ್ನೇ ಪೂರ್ತಿ ಬಿಚ್ಚಿ ಸರಿ ಮಾಡಿಸುವುದು. ಬೋರಿಂಗ್, ಪಿಸ್ಟನ್, ರಿಂಗು, ಕ್ರ್ಯಾಂಕ್ ಉಜ್ಜುವುದು, ಬೇರಿಂಗು, ವಾಲ್ವು, ಪಂಪು ಮತ್ತು ನಾಝಲ್ ಸರ್ವಿಸ್, ಕೂಲಿ ಎಲ್ಲ ಸೇರಿ 78,000. ಇದರಲ್ಲಿ ಎಂಜಿನ್ ನಂಬರ್ ಬದಲಾಗುವುದಿಲ್ಲ, ಆರ್‌ಸಿ ಮುಟ್ಟಬೇಕಾಗಿಲ್ಲ.

ವ್ಯತ್ಯಾಸ 1,82,000 ರೂಪಾಯಿ. ಇದು ಯಾವಾಗ ವಾಪಸ್ ಬರುತ್ತದೆ? ನಮ್ಮ ಜೀಪು ವರ್ಷಕ್ಕೆ ಸುಮಾರು 9,000 ಕಿಲೋಮೀಟರ್ ಓಡುತ್ತದೆ. ಸರಿ ಮಾಡಿಸಿದ ಹಳೆಯ ಎಂಜಿನ್ ಲೀಟರಿಗೆ 11, ಹೊಸದು 13 ಕೊಡುತ್ತದೆ ಎಂದು ಮೇಸ್ತ್ರಿಯ ಅಂದಾಜು. 11ರಂತೆ 818 ಲೀಟರ್, 13ರಂತೆ 692 ಲೀಟರ್. ಉಳಿತಾಯ 126 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ವರ್ಷಕ್ಕೆ 11,340. 1,82,000ವನ್ನು ಇದರಿಂದ ಭಾಗಿಸಿದರೆ 16 ವರ್ಷ! ಅಷ್ಟೊತ್ತಿಗೆ ನನಗೆ 33, ಜೀಪಿಗೆ ಐವತ್ತರ ಹತ್ತಿರ. ಬಡ್ಡಿ ಸೇರಿಸಿಲ್ಲ, ಮುರಿಯಬಹುದಾದ ಶಾಫ್ಟ್ ಸೇರಿಸಿಲ್ಲ.

ನ್ಯಾಯವಾಗಿ ಇನ್ನೊಂದು ಕಡೆಯನ್ನೂ ಹೇಳಬೇಕು. ಮಾಂದಲ್‌ಪಟ್ಟಿಯಂಥ ಏರಿನಲ್ಲಿ ದಿನಕ್ಕೆ ನಾಲ್ಕಾರು ಸಲ ಹತ್ತುವವರಿಗೆ ಬಲವೇ ಆದಾಯ. ಅವರು ಓಡಿಸುವ ಕಿಲೋಮೀಟರೂ ಹೆಚ್ಚು. ಹವ್ಯಾಸಕ್ಕೆ ಮಾಡುವವರಿಗೆ ಖುಷಿಯೇ ಲಾಭ, ಅದನ್ನು ಲೆಡ್ಜರಿನಲ್ಲಿ ಬರೆಯಲಾಗದು. ಅವರ ಲೆಕ್ಕ ಬೇರೆ ಬರಬಹುದು. ಆದರೆ ಕಾನೂನಿನ ಭಾಗ ಅವರಿಗೂ ಒಂದೇ.

ನಮಗೆ ಇನ್ನೂ ಒಂದು ವಿಷಯ ಮುಖ್ಯವಾಯಿತು. ಹಳೆಯ ಎಂಜಿನ್ ಸೊಕ್ಕೆಯ ಹೊಲದ ನಡುವೆ ನಿಂತರೆ ಎರಡು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಇದ್ದರೆ ಅಬ್ಬಾನೇ ಸರಿ ಮಾಡುತ್ತಾರೆ. ಹೊಸದರ ಒಂದು ಸೆನ್ಸಾರ್ ಕೆಟ್ಟರೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಎಳೆದುಕೊಂಡು ಹೋಗಬೇಕು. ರಾತ್ರಿ ಆಸ್ಪತ್ರೆಗೆ ಹೋಗುವ ಗಾಡಿಗೆ ವೇಗಕ್ಕಿಂತ ನಂಬಿಕೆ ದೊಡ್ಡದು.

ಹಳೆಯ ಎಂಜಿನ್ನನ್ನೇ ಮಾಡಿಸಿದೆವು. ಹದಿನೆಂಟು ದಿನ ಹಿಡಿಯಿತು. ಚಾಚಾ ಮೊದಲು ಮುನಿಸಿಕೊಂಡರು, ಆಮೇಲೆ ಲೆಕ್ಕದ ಹಾಳೆ ನೋಡಿ, "ಹದಿನಾರು ವರ್ಷ ಅಂತ ಮೊದಲೇ ಹೇಳಬಾರದಿತ್ತಾ" ಎಂದರು. ಅಕ್ಕನ ಫೀಸು ಸಾಲವಿಲ್ಲದೆ ಕಟ್ಟಿದೆವು. ಜೀಪು ಹುಲಿಯಾಗಲಿಲ್ಲ. ಮೊದಲಿನಷ್ಟೇ ನಿಧಾನ. ಆದರೆ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಹೊಗೆ ನಿಂತಿದೆ.

ನಿಮ್ಮ ಮನೆಯಲ್ಲೂ ಇಂಥ ಮಾತು ಬಂದರೆ ಐದು ಪ್ರಶ್ನೆ ಕೇಳಿ. ಎಂಜಿನ್ನಿಗೆ ಬಿಲ್ ಇದೆಯೇ? ಆರ್‌ಟಿಒ ಮುಂಚಿತವಾಗಿ ಬರವಣಿಗೆಯಲ್ಲಿ ಒಪ್ಪಿದೆಯೇ? ವಿಮೆಯವರಿಗೆ ತಿಳಿಸಿದ್ದೀರಾ? ಬ್ರೇಕು, ಗೇರು, ಆಕ್ಸೆಲ್ ಆ ಬಲ ತಡೆಯುತ್ತವೆಯೇ? ಹಾಕಿದ ಹಣ ಎಷ್ಟು ವರ್ಷಕ್ಕೆ ಬರುತ್ತದೆ? ಐದಕ್ಕೂ ಸರಿಯಾದ ಉತ್ತರ ಸಿಕ್ಕರೆ ಧೈರ್ಯವಾಗಿ ಮಾಡಿಸಿ. ಒಂದಕ್ಕೆ ಸಿಗದಿದ್ದರೂ, ದಯವಿಟ್ಟು ಮುಂಗಡ ಕೊಡುವ ಮುಂಚೆ ಒಂದು ರಾತ್ರಿ ಯೋಚಿಸಿ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ
ಸೊಕ್ಕೆ, ಜಗಳೂರು ತಾಲ್ಲೂಕು